ಹರಳಿನ ಮೇಲೆ ಕುರಿಯ ಹಾಲು

ನಮ್ಮ ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಹೋದ ತಿಂಗಳು ಮನೆಗೆ ಬಂದು, "ಬಾಯಿ, ನೀವ್ ಮಾಡಿದ ಕೆಲಸ ಎಲ್ಲಾ ಬರದ್ ಕೊಡ್ರಿ, ಕೈಪಿಡಿದಾಗ ಏನೂ ತಿಳೀವಲ್ದು" ಎಂದರು. ಕೈಪಿಡಿಯಿಂದ ತಿಳಿಯುವುದಿಲ್ಲ, ನಿಜ. ಅದರ ಅರ್ಧ ಬರೆದವಳೇ ನಾನು, ನನ್ನ ತಪ್ಪುಗಳನ್ನೆಲ್ಲ ಬಿಟ್ಟು ಬರೆದಿದ್ದೆ. ಈಗ ನಿವೃತ್ತಳಾಗಿದ್ದೇನೆ, ಯಾರೂ ನನಗೆ ಮೆಮೊ ಕೊಡುವಂತಿಲ್ಲ. ಆದ್ದರಿಂದ ಅಂದು ಬಿಟ್ಟದ್ದನ್ನೇ ಇಂದು ಬರೆಯುತ್ತೇನೆ.

ನಾನು ರಮಾ. ಊರು ಭಾಲ್ಕಿ ತಾಲ್ಲೂಕಿನ ಮೆಹಕರ. ಬೀದರದ ಒಂದು ಕಾಲೇಜಿನಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಸೇರಿದೆ, ಉಪಕರಣಗಳನ್ನು ನೋಡಿಕೊಳ್ಳುವವಳಾಗಿ ಹೊರಬಂದೆ. ನಡುವೆ ಯಾವಾಗ ಏನಾದೆ ಎಂಬುದು ಸರ್ವಿಸ್ ಪುಸ್ತಕದಲ್ಲಿದೆ, ಅದು ಅಲ್ಲೇ ಇರಲಿ. ನನ್ನನ್ನು ತೊಳೆಯುವ ಕಟ್ಟೆಯಿಂದ ಎಬ್ಬಿಸಿ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದವರು ವಸುಧಾ ಮೇಡಂ. ಮೈಸೂರು ಕಡೆಯವರು, ಮಾತು ಮೆತ್ತಗೆ, ಕೆಲಸದಲ್ಲಿ ಮಾತ್ರ ಕೂದಲು ಸೀಳುವವರು. ಒಂದು ದಿನ ನಾನು ಬೆರಳಿಗೆ ಹೊಕ್ಕಿದ್ದ ಗಾಜಿನ ಚೂರನ್ನು ಸೂಜಿಯಿಂದ ತೆಗೆದುಕೊಳ್ಳುತ್ತಿದ್ದೆ. ಅವರು ನಿಂತು ನೋಡಿದರು.

"ರಮಾಬಾಯಿ, ನಿಮ್ಮ ಕೈ ನಡುಗೋದೇ ಇಲ್ವಲ್ಲ?"

"ಕೌದಿ ಹೊಲಿದ ಕೈರಿ ಮೇಡಂ. ನಡುಗಿದ್ರ ನಮ್ಮವ್ವ ಬಡೀತಿದ್ಲು."

ಮರುದಿನದಿಂದ ನನ್ನ ಕೆಲಸ ಬದಲಾಯಿತು. ಅಂಥ ಕಣ್ಣಿನ ಮೇಲಧಿಕಾರಿ ಎಲ್ಲರಿಗೂ ಸಿಗುವುದಿಲ್ಲ. ನನಗೆ ಸಿಕ್ಕರು, ಅದು ನನ್ನ ಪುಣ್ಯ.

ಮೇಡಂ ಆಗ ಒಂದು ಹೊಸ ಸಂವೇದಕ ಮಾಡಲು ಹೊರಟಿದ್ದರು. ಕುರಿ, ಎಮ್ಮೆಗಳಿಗೆ ಬರುವ ಕಂದು ರೋಗವನ್ನು ಹಟ್ಟಿಯಲ್ಲೇ ಕೂತು ಹಾಲಿನಿಂದ ಪತ್ತೆಹಚ್ಚುವ ಡಬ್ಬಿ ಅದು. ಈ ರೋಗ ತಗಲಿದರೆ ದನಕರು ದಿನ ತುಂಬುವ ಮೊದಲೇ ಕಂದು ಹಾಕುತ್ತವೆ, ಅವುಗಳನ್ನು ಸಾಕುವವರಿಗೂ ತಿಂಗಳುಗಟ್ಟಲೆ ಬಿಟ್ಟುಬಿಟ್ಟು ಜ್ವರ ಬರುತ್ತದೆ. ಡಬ್ಬಿಯ ಹೊಟ್ಟೆಯೊಳಗೆ ಉಗುರಿನಷ್ಟು ದೊಡ್ಡ ಒಂದು ಹರಳಿನ ಬಿಲ್ಲೆ. ಅದರ ಎರಡು ತುದಿಗೆ ಬಾಚಣಿಗೆಯ ಹಲ್ಲಿನಂತೆ ಲೋಹದ ಗೆರೆಗಳು. ಒಂದು ತುದಿಗೆ ವಿದ್ಯುತ್ತು ಕೊಟ್ಟರೆ ಹರಳಿನ ಮೈಮೇಲೆ ಕಿವಿಗೆ ಕೇಳದ ಸಣ್ಣ ಅಲೆ ಎದ್ದು ಇನ್ನೊಂದು ತುದಿಗೆ ಹರಿಯುತ್ತದೆ. ನಡುವಿನ ದಾರಿಗೆ ಸತ್ತ ರೋಗಾಣುವಿನ ತುಣುಕುಗಳನ್ನು ಲೇಪಿಸಿರುತ್ತೇವೆ. ರೋಗ ತಗಲಿದ ಕುರಿಯ ಹಾಲಿನಲ್ಲಿ ಆ ರೋಗಾಣುವನ್ನು ಹಿಡಿಯುವ ಕಣಗಳಿರುತ್ತವೆ, ಅವು ಬಂದು ಲೇಪಕ್ಕೆ ಅಂಟುತ್ತವೆ. ಅಂಟಿದರೆ ದಾರಿ ಭಾರವಾಗಿ ಅಲೆ ನಿಧಾನವಾಗುತ್ತದೆ. ಎಷ್ಟು ನಿಧಾನವಾಯಿತು ಎಂಬುದೇ ಪರದೆಯ ಮೇಲಿನ ಅಂಕಿ. ಇಷ್ಟು ತಿಳಿದರೆ ಉಳಿದದ್ದನ್ನು ಕೈ ಕಲಿಸುತ್ತದೆ.

ಮೊದಮೊದಲು ಬಂದ ಬಿಲ್ಲೆಗಳಲ್ಲಿ ಅಲೆ ಚೆನ್ನಾಗಿಯೇ ಓಡುತ್ತಿತ್ತು. ಒಂದು ಹನಿ ನೀರು ಬಿಟ್ಟರೆ ಸತ್ತೇಹೋಗುತ್ತಿತ್ತು. ನಾನು ವಾರಗಟ್ಟಲೆ ತಂತಿ ತೆಗೆದು ಮತ್ತೆ ಅಂಟಿಸಿದೆ, ನನ್ನ ಕೆಲಸವೇ ಕೆಟ್ಟಿರಬೇಕು ಎಂದುಕೊಂಡೆ. ಮೇಡಂ ಒಂದು ಬಕೆಟ್ಟಿನಲ್ಲಿ ನೀರು ತುಂಬಿಸಿ, ಅಂಗೈಯಿಂದ ಮೇಲಿಂದ ಬಡಿಯಲು ಹೇಳಿದರು. ನೀರೆಲ್ಲ ಹಾರಿ ನನ್ನ ಸೀರೆ ತೊಯ್ದಿತು. ಆಮೇಲೆ ಅಂಗೈಯನ್ನು ನೀರಿನ ಮೇಲೆ ಇಟ್ಟು ಅಡ್ಡಡ್ಡ ಜಾರಿಸಲು ಹೇಳಿದರು. ನೀರಿಗೆ ಅದು ಗೊತ್ತೇ ಆಗಲಿಲ್ಲ. "ನಮ್ಮ ಅಲೆ ಮೇಲೆ ಕೆಳಗೆ ಕುಣೀತಿದೆ, ಅದರ ಶಕ್ತಿಯೆಲ್ಲ ನೀರಿಗೆ ಹೋಗ್ತಿದೆ. ಅಡ್ಡಡ್ಡ ಅಲುಗೋ ಹಾಗೆ ಹರಳನ್ನ ಬೇರೆ ಕೋನದಲ್ಲಿ ಕೊಯ್ಸಬೇಕು" ಎಂದರು. ಹಾಗೆ ಕೊಯ್ದ ಬಿಲ್ಲೆಗಳು ಬಂದ ಮೇಲೆ ಅಲೆ ಹಾಲಿನೊಳಗೂ ಬದುಕಿತು. ಹತ್ತನೆಯ ಇಯತ್ತೆಗೆ ಸಾಲಿ ಬಿಟ್ಟವಳಿಗೆ ಬಕೆಟ್ಟಿನಲ್ಲಿ ಭೌತಶಾಸ್ತ್ರ ಕಲಿಸಿದ ಆ ತಾಯಿಗೆ ನಾನು ಇನ್ನೂ ಕೈ ಮುಗಿಯುತ್ತೇನೆ.

ಎರಡನೆಯ ಪಾಠ ಭಾಲ್ಕಿ ತಾಲ್ಲೂಕಿನ ಸಾಯಗಾಂವದಲ್ಲಿ ಆಯಿತು. ಅಲ್ಲಿನ ಹಾಲು ಸಂಗ್ರಹದ ತಗಡಿನ ಶೆಡ್ಡಿನಲ್ಲಿ ಡಬ್ಬಿ ಇಟ್ಟುಕೊಂಡು ಎಮ್ಮೆ ಹಾಲು ನೋಡುತ್ತಿದ್ದೆ. ಬೆಳಗಿನಿಂದ ಅಂಕಿ ಏರುತ್ತಲೇ ಹೋಯಿತು. ಹಿಗ್ಗಿನಿಂದ ಒಂದಾದ ಮೇಲೊಂದು "ರೋಗ ಇದೆ" ಎಂದು ಬರೆದುಕೊಂಡೆ. ಮಧ್ಯಾಹ್ನ ಬರೀ ನೀರು ಬಿಟ್ಟರೂ ಅಂಕಿ ಏರಿತು. ತಗಡು ಕಾದಂತೆ ಹರಳೂ ಕಾದಿತ್ತು, ಅಷ್ಟೇ. ಸಂಜೆ ಬೀದರಕ್ಕೆ ಬಂದು ಪಟ್ಟಿ ತೋರಿಸಿದಾಗ ಮೇಡಂ ಕನ್ನಡಕ ತೆಗೆದಿಟ್ಟು, "ರಮಾಬಾಯಿ, ನೀವು ಸೂರ್ಯನಿಗೆ ಕಂದು ರೋಗ ಅಂತ ಬರೆದಿದ್ದೀರಿ" ಎಂದರು. ಪ್ರಯೋಗಾಲಯವೆಲ್ಲ ನಕ್ಕಿತು, ನಾನೂ ನಕ್ಕೆ.

ಅದಾದ ಮೇಲೆ ಪ್ರತಿ ಬಿಲ್ಲೆಯ ಮೇಲೂ ಎರಡು ದಾರಿ ಬಂದವು. ಒಂದಕ್ಕೆ ರೋಗಾಣುವಿನ ಲೇಪ, ಪಕ್ಕದ ದಾರಿಗೆ ಏನೂ ಹಿಡಿಯದ ಸಾದಾ ಲೇಪ. ಬಿಸಿಲು, ಹಾಲಿನ ದಪ್ಪ, ಜಿಗಟು, ಎಲ್ಲವೂ ಎರಡೂ ದಾರಿಗಳನ್ನು ಒಂದೇ ಸಮ ಕಾಡುತ್ತವೆ. ರೋಗದ ಕಣ ಮಾತ್ರ ಒಂದನ್ನೇ ಕಾಡುತ್ತದೆ. ಮೊದಲನೆಯ ಅಂಕಿಯಿಂದ ಎರಡನೆಯದನ್ನು ಕಳೆದು ಉಳಿಯುವುದೇ ಖರೆ ಉತ್ತರ. ಎರಡನೆಯ ದಾರಿ ಇಲ್ಲದಿದ್ದರೆ ಡಬ್ಬಿ ಕುರುಡು.

ಇದನ್ನು ಚೆನ್ನಾಗಿ ತಿಳಿದವಳೇ ನಿಂಗವ್ವನ ಹಟ್ಟಿಯಲ್ಲಿ ಮಾಡಬಾರದ್ದನ್ನು ಮಾಡಿದೆ.

ನಿಂಗವ್ವ ಔರಾದ ತಾಲ್ಲೂಕಿನ ಠಾಣಾ ಕುಶನೂರಿನ ಹೊರಗೆ ಕುರಿ ಹಟ್ಟಿ ಹಾಕಿಕೊಂಡಿದ್ದ ಹೆಂಗಸು. ಗಂಡ ತೀರಿಕೊಂಡಿದ್ದ. ಮೈದುನ ಬೀರಪ್ಪನ ಜೊತೆ ಸೇರಿ ನಲವತ್ತು ಕುರಿ ಕಾಯುತ್ತಿದ್ದಳು. ಅವಳ ಬದುಕೆಂದರೆ ಆ ಕುರಿಗಳೇ. ಸುತ್ತಲಿನ ಕೆಲವು ಹಟ್ಟಿಗಳಲ್ಲಿ ಕುರಿಗಳು ಕಂದು ಹಾಕಿದ್ದವು. ಅದಕ್ಕೆ ಡಬ್ಬಿಯನ್ನು ಅಲ್ಲಿ ಪರೀಕ್ಷಿಸಿ ನೋಡುವುದೆಂದು ತೀರ್ಮಾನವಾಯಿತು. ಮೇಡಂ ಮೊದಲ ಸಲ ನನ್ನೊಬ್ಬಳನ್ನೇ ಕಳಿಸಿದರು. ಜೀಪು ಹತ್ತುವಾಗ ನನ್ನ ಹೆಮ್ಮೆ ನೋಡಬೇಕಿತ್ತು.

ಸೋಯಾ ರಾಶಿಯಾಗಿ ತೊಗರಿ ಹೂ ಬಿಟ್ಟಿದ್ದ ಕಾಲ. ಔರಾದ ದಾಟಿದ ಮೇಲೆ ರಸ್ತೆ ಎತ್ತಿ ಎತ್ತಿ ಒಗೆಯಿತು. ಹಟ್ಟಿಗೆ ಹೋಗಿ ಇಳಿಯುವಷ್ಟರಲ್ಲಿ ನಿಂಗವ್ವ ನಾನು ಹೇಳಿ ಕಳಿಸಿದ್ದಂತೆ ಕುರಿಗಳನ್ನು ಮೇಯಲು ಬಿಡದೆ ಕಾಯುತ್ತಿದ್ದಳು.

"ಹಾಲು ಎಷ್ಟು ಬೇಕ್ರಿ ಬಾಯಾರ?"

"ಹತ್ತು ಕುರಿದ್ರಿ, ಬ್ಯಾರೆ ಬ್ಯಾರೆ ಸೀಸೆದಾಗ. ಒಂದೊಂದು ಗುಟುಕು ಸಾಕು."

"ಖರೀದಿ ಮಾಡ್ತೀರೋ, ಹಂಗೇ ಒಯ್ತೀರೋ?"

"ಹಂಗೇ ಒಯ್ತೇವ್ರಿ. ಪರೀಕ್ಷಾ ಮಾಡ್ಲಾಕ."

"ಹಂಗಾದ್ರ ಜರಾ ತಡೀರಿ" ಎಂದು ಸೀಸೆಗಳನ್ನು ತೆಗೆದುಕೊಂಡು ಒಳಗೆ ಹೋದಳು. ಆ ಪ್ರಶ್ನೆ ಯಾಕೆ ಕೇಳಿದಳು ಎಂದು ನಾನು ಯೋಚಿಸಲಿಲ್ಲ.

ಡಬ್ಬಿ ತೆರೆದು ನೋಡುತ್ತೇನೆ, ಎರಡನೆಯ ದಾರಿ ಸತ್ತಿದೆ. ಕೂದಲಿಗಿಂತ ತೆಳುವಾದ ತಂತಿಯನ್ನು ಬಿಲ್ಲೆಗೆ ಬೆಳ್ಳಿಯ ಅಂಟಿನಿಂದ ಕೂರಿಸುತ್ತೇವೆ. ರಸ್ತೆಯ ಕುಲುಕಾಟಕ್ಕೆ ಅಂಟು ಬಿಟ್ಟಿತ್ತು. ಮತ್ತೆ ಅಂಟಿಸಿದರೆ ಒಲೆಯಲ್ಲಿಟ್ಟು ಒಣಗಿಸಬೇಕು, ಅದಕ್ಕೆ ಬೀದರಕ್ಕೇ ಹೋಗಬೇಕು. ಹೋಗಬೇಕಿತ್ತು. ಹಸಿದು ಒದರುವ ಕುರಿಗಳು, ಹೊತ್ತೇರಿದರೂ ನನಗಾಗಿ ಕಾದ ಹೆಂಗಸು, ಎಲ್ಲಕ್ಕಿಂತ ಹೆಚ್ಚು ನನ್ನ ಆ ಹೆಮ್ಮೆ. ಹಿಂದಿನ ದಿನ ಬೀದರದಲ್ಲಿ ಬೇರೆ ಕುರಿ ಹಾಲಿಗೆ ಎರಡನೆಯ ದಾರಿ ಕೊಟ್ಟಿದ್ದ ಅಂಕಿ ನನ್ನ ವಹಿಯಲ್ಲಿತ್ತು. ಕುರಿ ಹಾಲೆಂದರೆ ಎಲ್ಲ ಕಡೆ ಕುರಿ ಹಾಲೇ ಅಲ್ಲವೇ ಎಂದುಕೊಂಡು ಅದನ್ನೇ ಕಳೆಯುತ್ತ ಹೋದೆ.

ಮೇಡಂ ಫೋನ್ ಮಾಡಿದರು. "ಎರಡೂ ದಾರಿ ಓಡ್ತಿದೆಯಾ ರಮಾಬಾಯಿ?"

"ಓಡ್ಲಾಕತ್ತಾವ್ರಿ ಮೇಡಂ" ಎಂದೆ.

ಹತ್ತರಲ್ಲಿ ನಾಲ್ಕು ಸೀಸೆಗಳು ಸುಮ್ಮನಿದ್ದವು. ಆರರಲ್ಲಿ ಅಂಕಿ ಹಾರಿ ನಿಂತಿತು. ಹಾಲು ಸ್ವಲ್ಪ ಹಳದಿ, ಸ್ವಲ್ಪ ದಪ್ಪ ಎಂದು ಕಣ್ಣಿಗೆ ಬಿದ್ದಿತ್ತು. ನಮ್ಮ ಮನೆಯಲ್ಲಿದ್ದದ್ದು ಎಮ್ಮೆ, ಕುರಿ ಹಾಲಿನ ಬಣ್ಣ ನನಗೇನು ಗೊತ್ತು. ಬೀರಪ್ಪ ಹಿಂದೆಯೇ ನಿಂತಿದ್ದ.

"ಏನು ಬಂತ್ರಿ?"

ರಕ್ತದ ಪರೀಕ್ಷೆಯಾಗುವವರೆಗೆ ಯಾರಿಗೂ ಏನೂ ಹೇಳಕೂಡದು ಎಂಬುದು ನಮ್ಮ ನಿಯಮ. ನನ್ನ ಬಾಯಿ ನಿಲ್ಲಬೇಕಲ್ಲ. "ಆರಕ್ಕ ಬ್ಯಾನಿ ಇದ್ದಂಗ ಕಾಣ್ತದ. ಖರೇ ಏನಂತ ರಕ್ತ ನೋಡಿದ ಮ್ಯಾಲೆ ತಿಳೀತದ" ಎಂದೆ. ಅವನ ಕಿವಿಗೆ ಹೋದದ್ದು ಮೊದಲ ಮಾತು ಮಾತ್ರ. ನಿಂಗವ್ವ ಆ ಆರನ್ನೂ, ಅವುಗಳ ಎಳೆ ಮರಿಗಳನ್ನೂ ಒಮ್ಮೆ ನೋಡಿ ನೆಲಕ್ಕೆ ಕೂತಳು.

ಬೀದರಕ್ಕೆ ಬಂದ ಕೂಡಲೇ ತಂತಿ ಅಂಟಿಸಿ ಒಲೆಯಲ್ಲಿಟ್ಟೆ. ಮನಸ್ಸು ಕಚ್ಚುತ್ತಿತ್ತು. ಮರುದಿನ ಬೆಳಿಗ್ಗೆ ಯಾರೂ ಬರುವ ಮೊದಲೇ ಹೋಗಿ, ತಂಪಿನಲ್ಲಿಟ್ಟಿದ್ದ ಉಳಿದ ಹಾಲನ್ನು ಮತ್ತೆ ಹರಳಿನ ಮೇಲೆ ಬಿಟ್ಟೆ. ಮೊದಲ ದಾರಿಯ ಅಂಕಿ ಹಾರಿತು. ಅದರ ಜೊತೆಗೇ ಎರಡನೆಯದೂ ಅಷ್ಟೇ ಹಾರಿತು. ಕಳೆದರೆ ಉಳಿದದ್ದು ಏನೂ ಇಲ್ಲ. ಆರೂ ಸೀಸೆ ಹಾಗೆಯೇ.

ಕುರಿ ಹಾಲು ಇಷ್ಟು ಜಿಗಟಾಗಲು ಸಾಧ್ಯವೇ ಎಂದು ಒಂದು ಸೀಸೆಯ ಹಾಲನ್ನು ಗಾಜಿನ ಕೊಳವೆಗೆ ಸುರಿದು ಬಿಸಿನೀರಿನಲ್ಲಿ ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ಅದು ಗಟ್ಟಿಯಾಗಿ ಕೂತಿತು. ಕೊಳವೆ ಬೋರಲು ಹಾಕಿದರೂ ಬೀಳಲಿಲ್ಲ. ಗಿಣ್ಣ. ಈದ ಮೊದಲ ದಿನಗಳ ಹಾಲು.

ನಿಂಗವ್ವ ಕೇಳಿದ ಪ್ರಶ್ನೆ ಆಗ ಅರ್ಥವಾಯಿತು. ಗಿಣ್ಣವನ್ನು ಯಾರೂ ಮಾರುವುದಿಲ್ಲ. ನಮ್ಮವ್ವನೂ ಎಮ್ಮೆ ಈದಾಗ ಓಣಿಗೆಲ್ಲ ಹಂಚುತ್ತಿದ್ದಳೇ ಹೊರತು ಹನಿಯನ್ನೂ ಮಾರಿದವಳಲ್ಲ. ಖರೀದಿಗೆ ಬಂದವರಿಗೆ ಮಾರುವ ಹಾಲು ಕೊಡಬೇಕು, ಸುಮ್ಮನೆ ಕೇಳಿಕೊಂಡು ಬಂದವರಿಗೆ ಹಟ್ಟಿಯಲ್ಲಿರುವ ಎಲ್ಲಕ್ಕಿಂತ ಒಳ್ಳೆಯದನ್ನು ಕೊಡಬೇಕು. ಆ ವಾರ ಆರು ಕುರಿ ಈದಿದ್ದವು. ಅವಳು ಹುಡುಕಿ ಹುಡುಕಿ ಅವುಗಳನ್ನೇ ಹಿಂಡಿ ತಂದಿದ್ದಳು. ಅವಳು ಮರ್ಯಾದೆಗೆಂದು ಕೊಟ್ಟದ್ದಕ್ಕೆ ನಾನು ರೋಗದ ಹೆಸರಿಟ್ಟು ಬಂದಿದ್ದೆ. ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತೆ.

ಮೇಡಂ ಬಂದರು. ಎದ್ದು ನಿಂತು ಹೇಳಿದೆ. "ನಿನ್ನಿ ಎರಡನೇ ದಾರಿ ಸತ್ತಿತ್ರಿ. ನಿಮಗ ಸುಳ್ಳು ಹೇಳಿದೆ. ಮ್ಯಾಲೆ ಅವರಿಗೆ ಬ್ಯಾನಿ ಅದ ಅಂತನೂ ಹೇಳಿ ಬಂದೀನಿ."

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಮೇಡಂ ಕೊಳವೆಯನ್ನೂ ನನ್ನನ್ನೂ ನೋಡಿ, "ಕುರಿಗಳು ಈಗ ಎಲ್ಲಿವೆ?" ಎಂದು ಕೇಳಿದರು. ಬೀರಪ್ಪನಿಗೆ ಫೋನ್ ಹಚ್ಚಿದೆ, ಎತ್ತಲಿಲ್ಲ. ಮತ್ತೆ ಹಚ್ಚಿದೆ, ಎತ್ತಲಿಲ್ಲ. "ಗಾಡಿ ತೆಗೆಸಿ" ಎಂದು ಮೇಡಂ ತಾವೇ ಮೊದಲು ಮೆಟ್ಟಿಲಿಳಿದರು.

ಹಟ್ಟಿಯ ಮುಂದೆ ಟೆಂಪೊ ನಿಂತಿತ್ತು. ಸುದ್ದಿ ಹಬ್ಬುವ ಮೊದಲೇ ಆರನ್ನೂ ಸಾಗಿಸಿಬಿಡಬೇಕೆಂದು ಬೀರಪ್ಪ ಮಾಂಸಕ್ಕೆ ಕೊಯ್ಯುವ ಕಟಗರವನನ್ನು ಕರೆಸಿದ್ದ. ಎರಡು ಕುರಿ ಬೆಳಿಗ್ಗೆಯೇ ಹೋಗಿಬಿಟ್ಟಿದ್ದವು. ಇನ್ನು ನಾಲ್ಕರ ಕಾಲು ಕಟ್ಟುತ್ತಿದ್ದರು. ತಾಯಿ ಹೋದ ಎರಡು ಮರಿಗಳನ್ನು ತೊಡೆಯ ಮೇಲೆ ಹಾಕಿಕೊಂಡು ನಿಂಗವ್ವ ಗೋಡೆಗೆ ಒರಗಿದ್ದಳು. ನಾನು ಜೀಪಿನಿಂದ ಇಳಿದವಳೇ, "ಬಿಚ್ರಿ ಅವ್ನ. ಬ್ಯಾನಿ ಇಲ್ಲ. ನಂದೇ ಗಲತಿ ಆಗ್ಯದ" ಎಂದೆ.

ಬೀರಪ್ಪ ಹಗ್ಗ ಕೈಯಲ್ಲಿ ಹಿಡಿದೇ ನನ್ನ ಮೇಲೆ ಬಂದ. "ನಿನ್ನಿ ಅದ ಅಂದ್ರಿ, ಇವತ್ತು ಇಲ್ಲ ಅಂತೀರಿ. ನಮ್ಮ ಕುರಿ ಅಂದ್ರ ನಿಮಗ ಆಟಿಗಿ ಆಗ್ಯಾವೇನು?" ಅವನು ಅಂದದ್ದರಲ್ಲಿ ತಪ್ಪಿರಲಿಲ್ಲ. ಮೇಡಂ ನಡುವೆ ಬಂದು, "ತಪ್ಪು ನಮ್ಮದು. ಉಳಿದ ಎಲ್ಲಾ ಕುರಿಗೂ ರಕ್ತ ಪರೀಕ್ಷೆ ಮಾಡಿಸ್ತೀವಿ. ಅಲ್ಲೀತನಕ ಒಂದನ್ನೂ ಕಳಿಸಬೇಡಿ" ಎಂದರು. ತಪ್ಪು ರಮಾಬಾಯಿಯದು ಎನ್ನಲಿಲ್ಲ. ನಮ್ಮದು ಎಂದರು. ಆ ಒಂದು ಶಬ್ದಕ್ಕೆ ನಾನು ಉಳಿದಷ್ಟೂ ವರ್ಷ ಅವರ ಕೆಳಗೆ ದುಡಿದೆ.

ನಿಂಗವ್ವ ನನ್ನನ್ನೇ ನೋಡುತ್ತಿದ್ದಳು. "ನೀವು ಇವತ್ತು ಬರದೇ ಇದ್ರ ನಮಗ ಇದು ತಿಳೀತಿತ್ತೇನ್ರಿ?"

"ಇಲ್ರಿ."

"ಮತ್ಯಾಕ ಬಂದ್ರಿ?"

"ಈ ನಾಕಾದ್ರೂ ಉಳೀಲಿ ಅಂತ."

ಅವಳು ಒಂದು ಮರಿಯನ್ನು ಎತ್ತಿ ನನ್ನ ಮಡಿಲಿಗೆ ಹಾಕಿ, ಹಾಲಿನ ಬಾಟಲಿ ಕೈಗೆ ಕೊಟ್ಟಳು. ಅದು ಕುಡಿಯಲು ಒಲ್ಲೆನ್ನುತ್ತಿತ್ತು. ಕುಡಿಯುವವರೆಗೆ ನಾನು ಅಲ್ಲಿಂದ ಏಳಲಿಲ್ಲ.

ಉಳಿದ ಎಲ್ಲ ಕುರಿಗಳ ರಕ್ತ ನಿರ್ಮಲವಾಗಿ ಬಂತು. ಭಾಲ್ಕಿ ಸಂತೆಯಲ್ಲಿ ಎರಡು ಈದ ಕುರಿ ಕೊಂಡು, ಪರೀಕ್ಷೆ ಮಾಡಿಸಿ, ಹಟ್ಟಿಗೆ ಒಯ್ದು ಕಟ್ಟಿದೆ. ನಿಂಗವ್ವ ಬೇಡ ಎನ್ನಲಿಲ್ಲ. ಕೂಡ್ರಿ ಎಂದೂ ಅನ್ನಲಿಲ್ಲ.

ನೀವು ಈಗ ಗೊಣಗುವ ಎರಡು ಸಂಗತಿಗಳು ಅಲ್ಲಿಂದ ಬಂದವು. ಎರಡನೆಯ ದಾರಿ ಸತ್ತರೆ ಡಬ್ಬಿಯ ಪರದೆ ಪೂರ್ತಿ ಕಪ್ಪಾಗುತ್ತದೆ, ಏನು ಒತ್ತಿದರೂ ಅಂಕಿ ತೋರಿಸುವುದಿಲ್ಲ. ಹಾಗೆ ಮಾಡಿರೆಂದು ಮೇಡಂಗೆ ಗಂಟುಬಿದ್ದವಳು ನಾನು. ನನ್ನಂಥವಳ ಕೈಗೆ ಹಿಂದಿನ ದಿನದ ಅಂಕಿ ಸಿಗಬಾರದು. ಹಾಗೆಯೇ ನಮೂನೆಯ ಹಾಳೆಯಲ್ಲಿ ಮೊಟ್ಟಮೊದಲ ಪ್ರಶ್ನೆ: ಈದು ಎಷ್ಟು ದಿನ? ಅದನ್ನು ಕೇಳದೆ ಸೀಸೆಯ ಮುಚ್ಚಳ ತೆಗೆಯಬೇಡಿ.

ಎರಡು ವರ್ಷ ಬಿಟ್ಟು ಹೊಸ ಡಬ್ಬಿ ತೆಗೆದುಕೊಂಡು ಮತ್ತೆ ಠಾಣಾ ಕುಶನೂರಿಗೆ ಹೋದೆವು. ನನ್ನ ಕಥೆ ನನಗಿಂತ ಮೊದಲೇ ಸುತ್ತಲಿನ ಹಟ್ಟಿಗಳಿಗೆ ಮುಟ್ಟಿತ್ತು. ಕುರಿಗಾರರು ದೂರ ನಿಂತು ಬೀಡಿ ಸೇದುತ್ತಿದ್ದರು, ಒಬ್ಬರೂ ಹಾಲು ತರಲಿಲ್ಲ. ಒಬ್ಬಾತ ನನಗೆ ಕೇಳಲೆಂದೇ, "ಅದೇ ಬಾಯಿ ಅಲ್ಲೇನೋ, ಸುಳ್ಳು ಬ್ಯಾನಿ ಹೇಳಿದಾಕಿ" ಎಂದ. ಮೇಡಂ ನನ್ನ ಭುಜದ ಮೇಲೆ ಕೈಯಿಟ್ಟರು. ನಾನು ಡಬ್ಬಿ ಮುಚ್ಚಲು ಹೊರಟಿದ್ದೆ.

ಆಗ ನಿಂಗವ್ವ ಬಂದಳು, ಹಿಂದೆ ಅವಳ ಕುರಿಗಳೂ. ನನ್ನ ಮುಂದೆ ಕೂತು ಸೀಸೆಗಳನ್ನು ಎಳೆದುಕೊಂಡಳು. ಆಮೇಲೆ ಅವರ ಕಡೆ ತಿರುಗಿ, "ಹೌದು, ಆಕಿನೇ. ಈ ಬಾಯಿ ಗಲತಿ ಮಾಡಿದ್ರ ತಾನೇ ಬಂದು ಹೇಳ್ತಾಳ. ಮತ್ಯಾರು ಬಂದು ಹೇಳ್ಯಾರ ನಮಗ ಇಷ್ಟು ದಿನ? ಹಾಲು ತರ್ರಿ" ಎಂದಳು. ಬೀಡಿಗಳು ಆರಿದವು. ಒಬ್ಬೊಬ್ಬರಾಗಿ ಬಂದು ಕೂತರು.

ಆ ದಿನ ಎರಡೂ ದಾರಿ ಚೆನ್ನಾಗಿ ಓಡಿದವು. ಎಲ್ಲ ಹಟ್ಟಿಗಳ ಹಾಲಿನಲ್ಲಿ ಒಂದೇ ಒಂದು ಸೀಸೆ ಬೇರೆ ಮಾತು ಹೇಳಿತು. ಮೊದಲ ದಾರಿ ನಿಧಾನ, ಎರಡನೆಯದು ಇದ್ದಲ್ಲೇ. ಚೀಟಿ ನೋಡಿದೆ. ನಿಂಗವ್ವನ ಕುರಿ. ಈದು ಎರಡು ತಿಂಗಳಾಗಿತ್ತು, ಗಿಣ್ಣದ ಮಾತೇ ಇರಲಿಲ್ಲ. ಬಿಲ್ಲೆ ಬದಲಿಸಿ ಮೂರು ಸಲ ನೋಡಿದೆ. ಬಾಯಿ ಮುಚ್ಚಿಕೊಂಡು ರಕ್ತ ತೆಗೆಸಿಕೊಂಡು ಬೀದರಕ್ಕೆ ಬಂದೆ. ಫಲಿತಾಂಶ ಬರುವವರೆಗೆ ಈ ಸಲ ನನ್ನ ಡಬ್ಬಿ ತಪ್ಪಲಿ ಎಂದು ಬೇಡಿಕೊಂಡೆ. ತಪ್ಪಿರಲಿಲ್ಲ.

ಫೋನಿನಲ್ಲಿ ಹೇಳುವ ಮಾತಲ್ಲ ಎಂದು ನಾನೇ ಹೋದೆ. ಅದು ಮಂದೆಯ ಮುಂದೆ ನಡೆಯುವ, ಕೊರಳಿಗೆ ಗಂಟೆ ಕಟ್ಟಿದ ಕುರಿ. ಅವಳು ಕರೆದರೆ ಎಲ್ಲಿದ್ದರೂ ಓಡಿ ಬರುತ್ತಿತ್ತು. ನಿಂಗವ್ವ ಕಟ್ಟೆಯ ಮೇಲೆ ಕೂತು ನಾನು ಹೇಳಿದ್ದನ್ನು ಕೊನೆಯವರೆಗೆ ಕೇಳಿದಳು.

"ನೀವೇ ನೋಡೀರೇನು?"

"ನಾನೇ ನೋಡೀನ್ರಿ. ಮೂರು ಸಲ. ರಕ್ತದಾಗೂ ಅದೇ ಬಂದದ."

ಬೀರಪ್ಪ ಏನೋ ಹೇಳಲು ಬಾಯಿ ತೆರೆದ. ಅವಳು ಕೈಯೆತ್ತಿ ತಡೆದಳು. ಎದ್ದು ಹೋಗಿ ಕುರಿಯ ಕೊರಳಿನ ಗಂಟೆ ಬಿಚ್ಚಿದಳು, ಅದರ ಮುಖವನ್ನು ಸೆರಗಿನಿಂದ ಒಮ್ಮೆ ಒರೆಸಿ, ತಾನೇ ಹಿಡಿದುಕೊಂಡು ಹೋಗಿ ಮಂದೆಯಿಂದ ದೂರ ಕಟ್ಟಿ ಬಂದಳು. ನಾನು ನಿಂತಲ್ಲೇ ಅಳುತ್ತಿದ್ದೆ. ಇಷ್ಟು ವರ್ಷ ದುಡಿದು ನಾನು ಗಳಿಸಿದ ದೊಡ್ಡ ಮರ್ಯಾದೆ ಅದು, ಅದಕ್ಕೆ ಬೆಲೆ ತೆತ್ತವಳು ಅವಳು.

ನಿಂಗವ್ವ ನನ್ನ ಹತ್ತಿರ ಬಂದು ನಿಂತಳು.

"ಅಳಬ್ಯಾಡ್ರಿ ಬಾಯಾರ" ಎಂದಳು. "ಈ ಸಲ ನೀವು ಖರೇ ಹೇಳೀರಿ."